ತಣ್ಣಗಾದಷ್ಟೂ ಏರುವ ಜ್ವರ

ಈ ಭೂಮಿಯ ಮೇಲೆ ತನಗೆ ಪೂರ್ತಿ ತಿಳಿದಿರುವ ವಿಷಯ ಒಂದೇ, ಅದು ಬಿಸಿ ಎಂದು ಔಲಿಸ್ ನಂಬಿದ್ದ. ಫಿನ್ಲೆಂಡಿನ ಕಿವಿಲಹ್ತಿ ಊರಿನ ಮುನಿಸಿಪಾಲಿಟಿ ಈಜುಕೊಳದಲ್ಲಿ ಸೌನಾ ಎಂಬ ಬೆವರಿಳಿಸುವ ಬಿಸಿಕೋಣೆ ಕಾಯಿಸುವ ಕೆಲಸಕ್ಕೆ ಮೀಸೆ ಚಿಗುರುವಾಗ ಸೇರಿದವನು ಮೀಸೆ ಬೆಳ್ಳಗಾದ ಮೇಲೆ ಹೊರಗೆ ಬಂದಿದ್ದ. ಬಿಸಿಕೋಣೆಯ ಬಾಗಿಲನ್ನು ಒಂದು ಗೇಣು ತೆರೆದು, ಎಡಗಿವಿಯನ್ನು ಒಳಗೆ ಚಾಚಿ, "ಎಪ್ಪತ್ತೆಂಟು" ಎಂದು ಅವನು ಹೇಳಿದರೆ ಗೋಡೆಯ ಉಷ್ಣಮಾಪಕವೂ ಎಪ್ಪತ್ತೆಂಟನ್ನೇ ತೋರಿಸಬೇಕು. ತೋರಿಸದಿದ್ದರೆ ಔಲಿಸ್ ಉಷ್ಣಮಾಪಕವನ್ನು ಬದಲಾಯಿಸುತ್ತಿದ್ದ.

ಅಂಥ ಕಿವಿಗೆ ನಿವೃತ್ತಿಯ ನಂತರ ಕೆಲಸವಿಲ್ಲದಂತಾಗಿತ್ತು. ಮನೆಯಲ್ಲಿ ಹೆಂಡತಿ ಹಿಲ್ಕಳಿಗೆ ಗಂಡನ ಕಿವಿಯಿಂದ ಆಗಬೇಕಾದ್ದು ಒಂದೇ: ತಾನು ಹೇಳಿದ್ದನ್ನು ಅದು ಕೇಳಿಸಿಕೊಳ್ಳಬೇಕು. ಅವಳು ವರ್ಷಗಳಿಂದ ತನ್ನ ತವರಿನ ಹುತ್ತುನೆನ್ ವಂಶದ ಚರಿತ್ರೆ ಬರೆಯುತ್ತಿದ್ದಳು. ಕಾಡು ಸುಟ್ಟು ರೈ ಧಾನ್ಯ ಬಿತ್ತಿದ ಮೊದಲನೇ ಹುತ್ತುನೆನ್‌ನಿಂದ ಹಿಡಿದು ಕಳೆದ ಶರತ್ಕಾಲದಲ್ಲಿ ನಾಮಕರಣವಾದ ಕೂಸಿನವರೆಗೆ ಎಲ್ಲರೂ ಅವಳ ಲ್ಯಾಪ್‌ಟಾಪಿನಲ್ಲಿ ವಾಸವಾಗಿದ್ದರು. ಈಸ್ಟರ್ ಆದ ಮೇಲೆ ವಂಶದವರೆಲ್ಲ ಸೇರುವ ದೊಡ್ಡ ಕೂಟ. ಆ ಹೊತ್ತಿಗೆ ಪುಸ್ತಕ ಕೈಯಲ್ಲಿರಬೇಕಾದರೆ ಈ ಶುಕ್ರವಾರ ಮುದ್ರಣಾಲಯಕ್ಕೆ ಹೋಗಲೇಬೇಕು. ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆ ದೇವರ ಪೀಠದಂತೆ ಕುಳಿತಿತ್ತು. ಅದರ ಸುತ್ತ ಮಾರು ದೂರದಲ್ಲಿ ಔಲಿಸ್ ಕಾಫಿ ಬಟ್ಟಲು ಇಡುವಂತಿರಲಿಲ್ಲ.

ಆ ಪೀಠ ಈ ವಾರ ಊಳಿಡಲು ಶುರುಮಾಡಿತು. ಹಿಲ್ಕ ಹಳೆಯ ಫೋಟೋಗಳ ಕಲೆ ತೆಗೆದು ಹೊಳಪು ಕೊಡುವ ಕೆಲಸಕ್ಕೆ ಅದನ್ನು ಹಚ್ಚಿದಾಗಲೆಲ್ಲ ಅಡುಗೆಮನೆಯಿಂದ ವಿಮಾನ ಏರುತ್ತಿದೆಯೇನೋ ಎಂಬಂಥ ಸದ್ದು.

ಮಂಗಳವಾರ ಕಾಫಿಗೆ ಬಂದ ರೈಮೊ ಆ ಸದ್ದು ಕೇಳಿದ. ರೈಮೊ ಹಿಲ್ಕಳ ತಮ್ಮ, ವಂಶದ ಸಂಘಕ್ಕೆ ಅಧ್ಯಕ್ಷ. ಏಲಕ್ಕಿ ಬನ್ನನ್ನು ಕಾಫಿಯಲ್ಲಿ ಅದ್ದುವಾಗಲೂ ಅದು ನಿರ್ಣಯ ಮಂಡಿಸಿದ ಹಾಗೆ ಕಾಣುತ್ತಿತ್ತು.

"ಅಕ್ಕಾ, ಇದು ಪ್ರೊಸೆಸರ್ ಬಿಸಿಯಾಗಿ ಬಾಯ್ಬಡ್ಕೊಳ್ತಿರೋದು," ಎಂದ. "ಪ್ರೊಸೆಸರ್ ಅಂದ್ರೆ ಕಂಪ್ಯೂಟರಿನ ಮೆದುಳು. ನೂರು ಡಿಗ್ರಿ ಅದರ ಗಡಿ. ಎಪ್ಪತ್ತು ಎಂಬತ್ತು ಅಂದ್ರೆ ದುಡೀತಿದೆ ಅಂತ, ತೊಂಬತ್ತು ದಾಟಿದ್ರೆ ಹುಷಾರಾಗ್ಬೇಕು. ನೂರಾದ್ರೆ ಮುಗೀತು."

"ಏನು ಮುಗೀತು? ನನ್ನ ಪುಸ್ತಕಾನಾ?" ಹಿಲ್ಕಳ ಕೈಯಲ್ಲಿದ್ದ ಹೆಣಿಗೆ ನಿಂತಿತು. ಫೋಟೋ ತಯಾರಾಗುವ ತನಕ ಕಾಯುತ್ತಾ ಅವಳು ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. "ಬೇರೆ ಕಡೆ ಪ್ರತಿ ಮಾಡಿಟ್ಟಿರೋದು ಕ್ರಿಸ್‌ಮಸ್‌ವರೆಗಿನದು ಮಾತ್ರ ಕಣೋ!"

"ಅದಕ್ಕೇ ಹೇಳ್ತಿರೋದು. ಬಿಸಿ ಎಷ್ಟಿದೆ ಅಂತ ತೋರ್ಸೋ ಪ್ರೋಗ್ರಾಂ ಪುಕ್ಕಟೆ ಸಿಗತ್ತೆ. ಭಾವಾ, ನಿಂಗೆ ಕಷ್ಟ ಆಗತ್ತೆ. ಗುರುವಾರ ನಾನೇ ಬಂದು ಹಾಕ್ಕೊಡ್ತೀನಿ."

ಔಲಿಸ್ ಬಟ್ಟಲನ್ನು ಕೆಳಗಿಟ್ಟ.

"ಏನಂದೆ? ಬಿಸಿ ನೋಡೋದು ನಂಗೆ ಕಷ್ಟಾನಾ?"

"ಹಾಗಲ್ಲ ಭಾವ, ಇದು ಸೌನಾ ಅಲ್ಲ—"

"ಡಿಗ್ರಿ ಅಂದ್ರೆ ಡಿಗ್ರೀನೇ ಕಣೋ. ಸೌನಾಕ್ಕೊಂದು, ಕಂಪ್ಯೂಟರಿಗೊಂದು ಅಂತ ದೇವರು ಬೇರೆಬೇರೆ ಮಾಡಿಲ್ಲ. ನೀನು ಗುರುವಾರ ಬಾ, ಕಾಫಿ ಕುಡಿ, ಹೋಗು."

ಮಾತು ಕೊಟ್ಟಾಗಿತ್ತು. ಬುಧವಾರ ಬೆಳಿಗ್ಗೆ ಹಿಲ್ಕ ಮುತ್ತಜ್ಜನ ಒಂದು ಫೋಟೋ ತರಲು ಪಕ್ಕದ ಊರಿನ ಚರ್ಚಿನ ದಾಖಲೆಮನೆಗೆ ಬಸ್ಸು ಹತ್ತಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಔಲಿಸ್, ಅದನ್ನ ಮುಟ್ಟಬೇಡ," ಎಂದಳು. ಮುಟ್ಟದೆ ಒಂದು ಪ್ರೋಗ್ರಾಂ ಹಾಕಲು ಬರುವುದಿಲ್ಲವಾದ್ದರಿಂದ, ಆ ಮಾತು ಬೇರೆ ರೀತಿಯ ಮುಟ್ಟುವಿಕೆಗೆ ಅನ್ವಯಿಸುತ್ತದೆ ಎಂದು ಔಲಿಸ್ ಅರ್ಥಮಾಡಿಕೊಂಡ.

ಪ್ರೋಗ್ರಾಂ ಬಂದು ಕುಳಿತಿತು. ಪರದೆಯ ತುಂಬ ಚೌಕಗಳು, ಚೌಕಗಳ ತುಂಬ ಇಂಗ್ಲಿಷ್. ಈಜುಕೊಳದ ಗೋಡೆಗಳಲ್ಲಿ ಎಷ್ಟು ಇಂಗ್ಲಿಷ್ ಬೇಕೋ ಅಷ್ಟು ಔಲಿಸ್‌ಗೆ ಬರುತ್ತಿತ್ತು: ಹೊರಗೆ ಹೋಗುವ ದಾರಿ, ಜಾರುತ್ತದೆ ಎಚ್ಚರಿಕೆ. ಇಲ್ಲಿ ಇವೆರಡೂ ಇರಲಿಲ್ಲ. ಅವನು ಹುಡುಕುತ್ತಾ ಹೋಗಿ ನಡುವೆ ಎಲ್ಲಕ್ಕಿಂತ ದಪ್ಪಗೆ ಕೂತಿದ್ದ ಸಂಖ್ಯೆಯನ್ನು ಹಿಡಿದ. ಐವತ್ತೈದು. ಪಕ್ಕದಲ್ಲಿ ಡಿಗ್ರಿಯ ಪುಟ್ಟ ಸೊನ್ನೆ. ಮೇಲೆ ಸಣ್ಣಕ್ಷರದಲ್ಲಿ ಏನೋ ಮೂರು ಪದ. ಅದು ತಯಾರಿಸಿದ ಕಂಪನಿಯ ಹೆಸರಿರಬೇಕು ಎಂದು ಔಲಿಸ್ ಬಿಟ್ಟುಬಿಟ್ಟ.

"ಐವತ್ತೈದು," ಎಂದು ಗಟ್ಟಿಯಾಗಿ ಹೇಳಿ, ಖಚಿತಪಡಿಸಿಕೊಳ್ಳಲು ಎಡಗಿವಿಯನ್ನು ಕೀಲಿಮಣೆಯ ಮೇಲೆ ಇಟ್ಟ.

ಕಿವಿ ಒಪ್ಪಲಿಲ್ಲ. ಮೂವತ್ತರ ಆಸುಪಾಸು ಎಂದಿತು. ಕಿವಿಗೂ ಸಂಖ್ಯೆಗೂ ಜಗಳ ಬಂದಾಗ ಕಿವಿ ಸೋತದ್ದು ಅವನ ಬಾಳಿನಲ್ಲಿ ಇದೇ ಮೊದಲು. ಈಜುಕೊಳವಾಗಿದ್ದರೆ ಉಷ್ಣಮಾಪಕ ಬದಲಾಯಿಸಬಹುದಿತ್ತು. ಇದು ಹಿಲ್ಕಳ ಲ್ಯಾಪ್‌ಟಾಪ್. ಮುದುಕನಾದೆ, ಕಿವಿ ಮಂದವಾಯಿತು ಎಂದು ಔಲಿಸ್ ಸಂಖ್ಯೆಯನ್ನೇ ನಂಬಿದ. ಆಮೇಲೆ ನಡೆದದ್ದಕ್ಕೆಲ್ಲ ಈ ವಿನಯವೇ ಮೂಲ. ಅಹಂಕಾರದಿಂದ ಹಾಳಾದವರ ಕತೆ ಎಷ್ಟೋ ಇವೆ, ವಿನಯದಿಂದ ಒಂದು ಕಟ್ಟಡವನ್ನೇ ಖಾಲಿ ಮಾಡಿಸಿದವನು ಔಲಿಸ್ ಒಬ್ಬನೇ.

ಸುಮ್ಮನೆ ಕೂತಾಗಲೇ ಐವತ್ತೈದಾದರೆ ಫೋಟೋ ಕೆಲಸಕ್ಕೆ ಹಚ್ಚಿದಾಗ ಏನು ಗತಿ? ಹಿಲ್ಕ ಬರುವಷ್ಟರಲ್ಲಿ ಇದನ್ನು ಇಳಿಸಿಬಿಡಬೇಕು. ಅವನು ಕಿಟಕಿ ತೆರೆದ. ಹೊರಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಸರೋವರದ ಮೇಲಿಂದ ಬಂದ ಗಾಳಿ ಕಿಟಕಿಯ ಪರದೆಯನ್ನು ಎತ್ತಿ ಒಳಗೆ ನುಗ್ಗಿತು. ಔಲಿಸ್ ತೃಪ್ತಿಯಿಂದ ಸಂಖ್ಯೆ ನೋಡಿದ.

ಅರವತ್ತೊಂದು.

ಕಣ್ಣುಜ್ಜಿ ನೋಡಿದ. ಅರವತ್ತೆರಡು.

"ಓಹೋ," ಎಂದ ಔಲಿಸ್. "ಹಟ ಮಾಡ್ತೀಯಾ? ನಂಗೂ ಹಟ ಗೊತ್ತು."

ತುಪ್ಪಳದ ಟೋಪಿ ಹಾಕಿಕೊಂಡು ಲ್ಯಾಪ್‌ಟಾಪನ್ನು ಎತ್ತಿ ಬಾಲ್ಕನಿಗೆ ತಂದು ಮಡಿಸುವ ಮೇಜಿನ ಮೇಲೆ ಇಟ್ಟ. ಎಪ್ಪತ್ತು. ಮೇಜನ್ನು ಗಾಳಿಗೆ ತಿರುಗಿಸಿದ. ಎಪ್ಪತ್ತಾರು. ಒಳಗೆ ಓಡಿ ಹಿಲ್ಕಳ ಬನ್ನು ಸುಡುವ ತಟ್ಟೆ ತಂದು, ಬಾಲ್ಕನಿಯ ಕಂಬಿಯ ಮೇಲಿನ ಹಿಮವನ್ನು ಅದಕ್ಕೆ ಕೆರೆದು ತುಂಬಿ, ಮೇಲೆ ಪ್ಲಾಸ್ಟಿಕ್ ಹಾಸಿ ಲ್ಯಾಪ್‌ಟಾಪನ್ನು ಕೂರಿಸಿದ. ಎಂಬತ್ತನಾಲ್ಕು!

ಪಕ್ಕದ ಬಾಲ್ಕನಿಯ ಬಾಗಿಲು ಕಿರುಗುಟ್ಟಿತು. ಅಲ್ಲಿ ಲೆಂಪಿ ಇದ್ದಳು. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ್ದ ಮುದುಕಿ. ಎಕ್ಸ್‌ಚೇಂಜ್ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಅವಳು ಸೇವೆ ನಿಲ್ಲಿಸಿರಲಿಲ್ಲ.

"ಏನಪ್ಪಾ ಔಲಿಸ್, ಕಂಪ್ಯೂಟರಿಗೆ ಗಾಳಿ ಸೇವನೆ ಮಾಡಿಸ್ತಿದೀಯಾ?"

"ಜ್ವರ ಲೆಂಪಿಯಮ್ಮ. ಎಂಬತ್ತನಾಲ್ಕು. ತಣ್ಣಗೆ ಮಾಡಿದಷ್ಟೂ ಏರ್ತಾ ಇದೆ."

"ಅಯ್ಯೋ! ಏರಿದ್ರೆ?"

"ನೂರಾದ್ರೆ ಮುಗೀತು."

"ಏನು ಮುಗಿಯತ್ತೆ?"

"ಎಲ್ಲಾ," ಎಂದ ಔಲಿಸ್, ಮತ್ತಷ್ಟು ಹಿಮ ಕೆರೆಯುತ್ತಾ.

ಕಿವಿಲಹ್ತಿ ಇರುವ ಸಾವೊ ಸೀಮೆಯವರು ಬಾಯಿ ತೆರೆದರೆ ಮಾತಿನ ಹೊಣೆ ಕೇಳಿದವರ ತಲೆಗೆ ಎಂದು ಫಿನ್ಲೆಂಡಿನಲ್ಲಿ ಎಲ್ಲರೂ ಬಲ್ಲರು. ಲೆಂಪಿ ಆ ಹೊಣೆಯನ್ನು ಪೂರ್ತಿಯಾಗಿ ಹೊತ್ತುಕೊಂಡಳು. ಮೊದಲು ಕಂಬಿಯ ಮೇಲಿಂದ ಬಗ್ಗಿ ತನ್ನ ಫೋನಿನಲ್ಲಿ ಪರದೆಯ ಚಿತ್ರ ತೆಗೆದು ಕಟ್ಟಡದವರಿಗೆಲ್ಲ ಕಳಿಸಿದಳು. ಆಮೇಲೆ ಅಗ್ನಿಶಾಮಕ ಇಲಾಖೆಗೆ ಕರೆ ಮಾಡಿದಳು. ಇಲಿ ಹೋದದ್ದು ಹುಲಿಯಾಗುವುದಕ್ಕೆ ಬೇರೆ ಊರುಗಳಲ್ಲಿ ಹತ್ತು ಬಾಯಿ ಬೇಕು. ಲೆಂಪಿ ಒಬ್ಬಳೇ ಸಾಕಾದಳು. ಮೂರನೇ ಮಹಡಿಯಲ್ಲಿ ಏನೋ ಒಂದು ನೂರು ಡಿಗ್ರಿಗೆ ಸಿಡಿಯಲಿದೆ, ಯಜಮಾನ ಪ್ರಾಣದ ಹಂಗು ತೊರೆದು ಹಿಮದಲ್ಲಿ ಹೂಳುತ್ತಿದ್ದಾನೆ ಎಂಬಷ್ಟು ಆ ಕಡೆಯವರಿಗೆ ತಿಳಿಯಿತು.

ಕೆಂಪು ಗಾಡಿ ಅಂಗಳಕ್ಕೆ ಬಂದು ನಿಂತಿತು. ಇಳಿದವನು ಅಧಿಕಾರಿ ತಾಸ್ಕಿನೆನ್. ಎತ್ತರದ ಆಳು, ಹೆಲ್ಮೆಟ್ಟಿನ ಕೆಳಗೆ ನಿಯಮಾವಳಿಯಂಥ ಮುಖ. ಬಾಲ್ಕನಿಗೆ ಬಂದು ಕೈಗವಸು ಕಳಚಿ ಲ್ಯಾಪ್‌ಟಾಪನ್ನು ಮುಟ್ಟಿದ.

"ಇದು ಮಂಜುಗಡ್ಡೆ ಆಗಿದೆಯಲ್ರೀ."

"ಹೊರಗಡೆ," ಎಂದ ಔಲಿಸ್. "ಕೈಕಾಲು ತಣ್ಣಗಾದ್ರೆ ಜ್ವರ ತಲೆಗೇರಿದೆ ಅಂತ ಅರ್ಥ. ಸಂಖ್ಯೆ ನೋಡಿ."

ತಾಸ್ಕಿನೆನ್ ನೋಡಿದ. ತೊಂಬತ್ತೊಂದು.

"ಮಿತಿ ಎಷ್ಟು?"

"ನೂರು."

ತಾಸ್ಕಿನೆನ್ ತನ್ನ ಕೈಯನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದ. ಕೈ ಯಾವ ತಪಾಸಣೆಯಲ್ಲೂ ತೇರ್ಗಡೆಯಾಗಿರಲಿಲ್ಲ. ಪರದೆಯಲ್ಲಿದ್ದದ್ದು ಅಂಕಿ. "ಕೈ ಸುಳ್ಳು ಹೇಳಬಹುದು, ಅಳತೆ ಹೇಳಲ್ಲ," ಎಂದು ತೀರ್ಪು ಕೊಟ್ಟು ಮೆಟ್ಟಿಲಿಗೆ ಬಂದು ಕೂಗಿದ. "ಎಲ್ಲರೂ ಹೊರಗೆ! ಲಿಫ್ಟ್ ಬೇಡ, ಮೆಟ್ಟಿಲಲ್ಲಿ ಬನ್ನಿ!"

ಜನ ಬಂದರು. ಹೊರಗೆ ನಿಲ್ಲಬೇಕೆಂದು ಸರ್ಕಾರವೇ ಹೇಳಿದ ಮೇಲೆ ಸುಮ್ಮನೆ ನಿಲ್ಲುವುದು ಹೇಗೆ? ಯಾರೋ ಫ್ಲಾಸ್ಕಿನಲ್ಲಿ ಕಾಫಿ ತಂದರು, ಇನ್ಯಾರೋ ಅಂಗಳದ ಒಲೆ ಹಚ್ಚಿ ಸಾಸೇಜು ಸುಡತೊಡಗಿದರು. ಬೆಂಕಿ ಆರಿಸಿ ಎಂದು ತಾಸ್ಕಿನೆನ್ ಗದರಿದ. ಅವನ ಕೈಗೊಂದು ಸಾಸೇಜು ಬಂತು, ಸಾಸಿವೆ ಸಮೇತ. ಈ ಬೆಂಕಿ ತನ್ನ ಹತೋಟಿಯಲ್ಲಿದೆ ಎಂದು ಅವನು ಅಗಿಯುತ್ತಾ ಘೋಷಿಸಿದ.

ಬಸ್ಸಿನಿಂದ ಇಳಿದ ಹಿಲ್ಕ ಕಂಡದ್ದು ಇದನ್ನು: ಕೆಂಪು ಗಾಡಿ, ಮೆಲ್ಲುತ್ತಿರುವ ನೆರೆಹೊರೆ, ಮೂರನೇ ಮಹಡಿಯ ಬಾಲ್ಕನಿಯಲ್ಲಿ ತುಪ್ಪಳದ ಟೋಪಿಯ ಗಂಡ, ಅವನ ಮುಂದೆ ತನ್ನ ಬನ್ನಿನ ತಟ್ಟೆ, ತಟ್ಟೆಯ ತುಂಬ ಹಿಮ, ಹಿಮದ ಮೇಲೆ ಸಮಸ್ತ ಹುತ್ತುನೆನ್ ವಂಶ.

"ಔಲಿಸ್!" ಎಂಬ ಕೂಗಿಗೆ ಚಾವಣಿಯ ಹಿಮ ಒಂದಿಷ್ಟು ಜಾರಿತು.

"ಮೇಲೆ ಹೋಗೋ ಹಾಗಿಲ್ಲಮ್ಮ," ಎಂದು ತಾಸ್ಕಿನೆನ್ ಅಡ್ಡ ನಿಂತ.

"ನನ್ನ ಮುತ್ತಜ್ಜ ಅಲ್ಲಿ ಚಳೀಲಿ ಕೂತಿದಾನೆ. ಸರಿ ಪಕ್ಕಕ್ಕೆ!"

ಮುತ್ತಜ್ಜನ ವಿಷಯ ಲೆಂಪಿ ಹೇಳಿರಲಿಲ್ಲ. ತಾಸ್ಕಿನೆನ್ ಗಾಬರಿಯಿಂದ ಪಕ್ಕಕ್ಕೆ ಸರಿದು, ಅವಳ ಹಿಂದೆಯೇ ಓಡಿದ.

ಹಿಲ್ಕ ಲ್ಯಾಪ್‌ಟಾಪನ್ನು ಎತ್ತಿ ತಂದು ಒರೆಸಿ ಒಲೆಯ ಪಕ್ಕದ ಬೆಚ್ಚನೆ ಮೂಲೆಯಲ್ಲಿ ಇಟ್ಟಳು. ಬದುಕಿದೆಯೋ ಇಲ್ಲವೋ ನೋಡಲು ಫೋಟೋ ಕೆಲಸ ಶುರು ಹಚ್ಚಿದಳು. ಸ್ವಲ್ಪ ಹೊತ್ತಿಗೇ ಅದು ಮಾಮೂಲಿನಂತೆ ಊಳಿಡತೊಡಗಿತು.

"ಬೈಯೋದು ಆಮೇಲೆ ಬೈತೀನಿ," ಎಂದಳು. "ಮೊದಲು ಏನಾಯ್ತು ಹೇಳು."

ಔಲಿಸ್ ಪರದೆಯತ್ತ ಬಗ್ಗಿದ. ಅವನ ಕಣ್ಣು ಸಂಖ್ಯೆಯ ಮೇಲಿತ್ತು. ಎಪ್ಪತ್ತು... ಐವತ್ತೆಂಟು... ನಲವತ್ತು...

"ಇಳೀತಿದೆ!" ಎಂದು ತಾಸ್ಕಿನೆನ್ ಕಿಟಕಿಯಿಂದ ಅಂಗಳಕ್ಕೆ ಕೂಗಿದ. ಕೆಳಗೆ ಚಪ್ಪಾಳೆ. "ಮೂವತ್ತು!" ಮತ್ತೆ ಚಪ್ಪಾಳೆ. ಇಪ್ಪತ್ತನಾಲ್ಕಕ್ಕೆ ಬಂದು ನಿಂತಿತು.

ಔಲಿಸ್ ಮೆಲ್ಲನೆ ಟೋಪಿ ತೆಗೆದ. ಅವನಿಗೆ ಎಲ್ಲವೂ ಹೊಳೆದಿತ್ತು.

"ತಣ್ಣಗಿಟ್ರೆ ಏರತ್ತೆ. ಬೆಚ್ಚಗಿಟ್ರೆ ಇಳಿಯತ್ತೆ. ಕೆಲಸ ಕೊಟ್ರೆ ಇನ್ನೂ ಇಳಿಯತ್ತೆ. ಹಿಲ್ಕ, ಇದಕ್ಕೆ ಸೆಕೆ ಅಲ್ಲ, ಶೀತ! ಶೀತಜ್ವರ! ಕಿಟಕಿ ಪಕ್ಕ ಕೂರಿಸಿ ಕೂರಿಸಿ ನೀನೇ ಹಿಡಿಸಿದೀಯ."

"ಕಂಪ್ಯೂಟರಿಗೆ ಶೀತಾನಾ?"

"ಸಂಖ್ಯೆ ನೋಡು ನೀನೇ."

ಹಿಲ್ಕ ನೋಡಿದಳು. ಸಂಖ್ಯೆ ನಿಜವಾಗಿಯೂ ಇಳಿದಿತ್ತು. ಆದರೆ ಊಳು ನಿಂತಿರಲಿಲ್ಲ. ಒಂದು ಫೋಟೋ ಮುಗಿಯುವುದಕ್ಕೆ ಹಿಂದೆಂದೂ ಇಷ್ಟು ಹೊತ್ತು ಹಿಡಿದಿರಲಿಲ್ಲ. ಹೀಗೇ ತೆವಳಿದರೆ ಶುಕ್ರವಾರಕ್ಕೆ ಪುಸ್ತಕ ಹೋಗುವುದಿಲ್ಲ.

"ಏನು ಮಾಡೋಣ ಅಂತೀಯ?" ಎಂದಳು. ಅವಳ ದನಿ ಇಳಿದಿತ್ತು.

ಗಂಡನನ್ನು ಅವಳು ಹೀಗೆ ಕೇಳಿ ಬಹಳ ಕಾಲವಾಗಿತ್ತು. ಔಲಿಸ್ ನೆಟ್ಟಗೆ ನಿಂತ.

"ಸೌನಾ, ಮರದ ಡಾಂಬರು, ಹೆಂಡ. ಈ ಮೂರಕ್ಕೂ ಬಗ್ಗದ ರೋಗ ಸಾವಿಗೇ ಬಗ್ಗೋದು ಅಂತ ನಮ್ಮಜ್ಜಿ ಹೇಳೋಳು. ಡಾಂಬರು ಹೆಂಡ ಎರಡೂ ಇದಕ್ಕೆ ಆಗಿಬರಲ್ಲ."

ಇಬ್ಬರೂ ತಾಸ್ಕಿನೆನ್ ಮುಖ ನೋಡಿದರು. ಅವನು ಮನಸ್ಸಿನಲ್ಲೇ ನಿಯಮಾವಳಿ ತಿರುವಿ ಹಾಕಿದ. "ಕಂಪ್ಯೂಟರನ್ನ ಸೌನಾಕ್ಕೆ ಕರ್ಕೊಂಡು ಹೋಗಬಾರದು ಅಂತ ಎಲ್ಲೂ ಬರೆದಿಲ್ಲ," ಎಂದ.

ಕಟ್ಟಡದವರೆಲ್ಲರ ಸೌನಾ ನೆಲಮಾಳಿಗೆಯಲ್ಲಿತ್ತು. ಮೆರವಣಿಗೆ ಇಳಿಯಿತು: ಮುಂದೆ ಲ್ಯಾಪ್‌ಟಾಪನ್ನು ಕೂಸಿನಂತೆ ಎತ್ತಿಕೊಂಡ ಔಲಿಸ್, ಹಿಂದೆ ಹಿಲ್ಕ, ತಾಸ್ಕಿನೆನ್, ಸಾಸೇಜು ಹಿಡಿದ ಸಮಸ್ತರು. ಬಾಗಿಲಲ್ಲಿ ಲೆಂಪಿ ತಡೆದಳು.

"ನಿಲ್ಲಿ, ಬುಧವಾರ ಹೆಂಗಸರ ಸರದಿ. ಅದು ಗಂಡೋ ಹೆಣ್ಣೋ?"

"ಹಿಲ್ಕಳದ್ದು," ಎಂದ ಔಲಿಸ್.

"ಹಾಗಾದ್ರೆ ಒಳಗೆ ಹೋಗಬಹುದು. ನೀನು ಕಣ್ಣು ತಗ್ಗಿಸಿಕೊಂಡು ಹೋಗು."

ಒಳಗೆ ಔಲಿಸ್ ಮತ್ತೆ ಹಳೆಯ ಔಲಿಸ್ ಆದ. ಎಡಗಿವಿ ಚಾಚಿದ. "ಐವತ್ತು. ಸಣ್ಣ ಮಕ್ಕಳಿಗೆ ಸರಿಹೋಗೋ ಬಿಸಿ." ಕೆಳಗಿನ ಹಲಗೆಯ ಮೇಲೆ ನಾರುಬಟ್ಟೆ ಹಾಸಿ ಲ್ಯಾಪ್‌ಟಾಪನ್ನು ಮಲಗಿಸಿದ. ಯಾರೋ ಕಾದ ಕಲ್ಲಿನ ಮೇಲೆ ನೀರೆರೆದು ಹಬೆ ಎಬ್ಬಿಸಲು ಸೌಟಿಗೆ ಕೈ ಹಾಕಿದಾಗ, "ಕಲ್ಲಿಗೆ ನೀರು ಹಾಕಬೇಡ್ರೀ! ಕಂಪ್ಯೂಟರಿಗೆ ನೀರು ಆಗಲ್ಲ, ಅಷ್ಟೂ ಗೊತ್ತಿಲ್ವಾ?" ಎಂದು ರೇಗಿದ.

ಹದಿನೈದು. ಹನ್ನೊಂದು. ಊಳು ಈಗ ತೋಳದ ಹಿಂಡಿನಷ್ಟಿತ್ತು. ರೋಗ ಹೊರಗೆ ಬರುವಾಗ ಹಾಗೇ, ಎಂದ ಔಲಿಸ್. ಆರು. ಮೂರು. ಬಟ್ಟೆ ಬದಲಿಸುವ ಕೋಣೆಯಲ್ಲಿ ತುಂಬಿದ್ದ ಜನ ಒಬ್ಬರ ಹೆಗಲ ಮೇಲೊಬ್ಬರು ಕತ್ತು ಚಾಚಿದ್ದರು. ಪರದೆಯ ಬಾಣದ ಗುರುತು ಡಾಂಬರಿನಲ್ಲಿ ಸಿಕ್ಕ ನೊಣದಂತೆ ತೆವಳತೊಡಗಿತು.

"ಒಂದು..." ಎಂದ ತಾಸ್ಕಿನೆನ್, ಹೆಲ್ಮೆಟ್ ತೆಗೆದು ಎದೆಗೆ ಒತ್ತಿಕೊಂಡು.

"ಸೊನ್ನೆ! ಪೂರ್ತಿ ಗುಣ!" ಎಂದು ಔಲಿಸ್ ಎರಡೂ ಕೈ ಎತ್ತಿದ.

ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆಯೇ ಊಳು ಗಕ್ಕನೆ ನಿಂತು ಪರದೆ ಕಪ್ಪಾಯಿತು.

ಕೊನೆಯ ಚಪ್ಪಾಳೆ ಯಾರದೋ ಒಂಟಿಯಾಗಿ ಕೇಳಿಸಿತು.

"ನಿದ್ದೆ ಹೋಗಿದೆ," ಎಂದ ಔಲಿಸ್. "ಸೌನಾ ಆದ್ಮೇಲೆ ನಿದ್ದೆ ಬರೋದೇ."

ಹಿಲ್ಕ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಏನೂ ಆಗಲಿಲ್ಲ. ಅವಳು ಕೋಟು ಹಾಕಿಕೊಂಡಿದ್ದಂತೆಯೇ ಆ ಬಿಸಿಯಲ್ಲಿ ಹಲಗೆಯ ಮೇಲೆ ಕುಳಿತಳು. "ಕ್ರಿಸ್‌ಮಸ್ ಆದ್ಮೇಲೆ ಸೇರಿಸಿದ ಅಮ್ಮನ ಕಡೆಯವರು ಪೂರ್ತಿ ಅದರಲ್ಲೇ ಇದ್ರು," ಎಂದಳು. ಬೈಗುಳ ಒಂದೂ ಬರಲಿಲ್ಲ. ಅದನ್ನು ಕಂಡು ಔಲಿಸ್‌ಗೆ ಆ ಐವತ್ತು ಡಿಗ್ರಿಯಲ್ಲೂ ಬೆನ್ನು ತಣ್ಣಗಾಯಿತು. ಜನ ಸಾಸೇಜನ್ನು ಬೆನ್ನ ಹಿಂದೆ ಮರೆಮಾಡಿದರು.

ರೈಮೊ ಬಂದದ್ದು ಆಗ; ಲೆಂಪಿ ಅವನಿಗೂ ಫೋನು ಮಾಡಿದ್ದಳು. ಸೌನಾ, ಲ್ಯಾಪ್‌ಟಾಪ್, ಹೆಲ್ಮೆಟ್ ಹಿಡಿದ ಅಧಿಕಾರಿ, ಎಲ್ಲವನ್ನೂ ಒಮ್ಮೆ ನೋಡಿ ಅಧ್ಯಕ್ಷಗಿರಿಯ ದನಿಯಲ್ಲಿ ಕೇಳಿದ:

"ಭಾವಾ, ಏನಿದು?"

"ಸೊನ್ನೆಗೆ ಇಳಿಸಿದೆ ಕಣೋ. ತೊಂಬತ್ತೊಂದು ಇತ್ತು."

"ಕಂಪ್ಯೂಟರ್ ಸೊನ್ನೆ ಡಿಗ್ರೀನಾ? ಸೌನಾದಲ್ಲಾ? ಎಲ್ಲಿ ನೋಡಿದೆ ನೀನು?"

ಲೆಂಪಿ ತನ್ನ ಫೋನಿನ ಚಿತ್ರ ಮುಂದೆ ಹಿಡಿದಳು. ರೈಮೊ ಕನ್ನಡಕ ಹಾಕಿಕೊಂಡು ಅದನ್ನು ಹಿಗ್ಗಿಸಿದ. ಸಂಖ್ಯೆಯ ಮೇಲಿನ ಸಣ್ಣಕ್ಷರದ ಮೂರು ಪದಗಳ ಮೇಲೆ ಅವನ ಬೆರಳು ನಿಂತಿತು. ಅವನ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಪರಮಾನಂದ ಮೂಡಿತು.

"ಭಾವಾ, ಇಲ್ಲಿ ಏನು ಬರೆದಿದೆ ಓದಿದ್ಯಾ?"

"ಕಂಪನಿ ಹೆಸರು."

"'ಮಿತಿಗೆ ಇರುವ ದೂರ' ಅಂತ ಬರೆದಿದೆ! ಇದು ಎಷ್ಟು ಬಿಸಿ ಆಗಿದೆ ಅಂತಲ್ಲ ಮಾರಾಯ, ನೂರು ಮುಟ್ಟೋಕೆ ಇನ್ನೂ ಎಷ್ಟು ಬಾಕಿ ಇದೆ ಅಂತ!"

ಸೌನಾದಲ್ಲಿ ಎಲ್ಲರ ತುಟಿಗಳೂ ಅಲ್ಲಾಡಿದವು. ಸಮಸ್ತ ಕಟ್ಟಡ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡುತ್ತಿತ್ತು. ತಾಸ್ಕಿನೆನ್ ಎಲ್ಲರಿಗಿಂತ ತಡವಾಗಿ ಮುಗಿಸಿದ.

"ಹಾಗಾದ್ರೆ ತೊಂಬತ್ತೊಂದು ಅಂದಾಗ..."

"ಒಂಬತ್ತು ಡಿಗ್ರಿ," ಎಂದ ರೈಮೊ. "ಮೊಸರು ಇಡಬಹುದಿತ್ತು ಅದರ ಮೇಲೆ."

"ನಾನು ಒಂಬತ್ತು ಡಿಗ್ರಿಗೆ ಕಟ್ಟಡ ಖಾಲಿ ಮಾಡ್ಸಿದ್ನಾ?"

"ಮತ್ತೆ ಸೊನ್ನೆ?" ಎಂದು ಹಿಲ್ಕ ಕೇಳಿದಳು.

"ಸೊನ್ನೆ ಅಂದ್ರೆ ನೂರು ಅಕ್ಕಾ. ಭಾವ ಅದನ್ನ ಚೆನ್ನಾಗಿ ಬೇಯಿಸಿದಾನೆ. ಇನ್ನು ಪಟ್ಟಣದ ಅಂಗಡಿಗೆ ಕೊಡ್ಬೇಕು, ಮುಂದಿನ ವಾರ ನೋಡ್ತಾರೆ. ಪುಸ್ತಕ ಈ ವರ್ಷ ಇಲ್ಲ ಅಂತ ನಾನು ಎಲ್ಲರಿಗೂ ತಿಳಿಸ್ತೀನಿ."

ಔಲಿಸ್ ಕಪ್ಪು ಪರದೆಯನ್ನೇ ನೋಡುತ್ತಿದ್ದ. ಅವನ ತಲೆಯಲ್ಲಿ ಆ ಹೊತ್ತು ನಾಚಿಕೆಗೆ ಜಾಗವಿರಲಿಲ್ಲ. ಅಲ್ಲಿ ಈಜುಕೊಳದ ಒಲೆ ನಿಂತಿತ್ತು.

"ಸತ್ತಿಲ್ಲ ಅದು," ಎಂದ.

"ಭಾವಾ, ಸಾಕು—"

"ನಮ್ಮ ಈಜುಕೊಳದ ಒಲೇನೂ ಒಂದು ಚಳಿಗಾಲದಲ್ಲಿ ಹೀಗೇ ಗಕ್ಕಂತ ನಿಂತಿತ್ತು. ಮಿತಿ ದಾಟಿದ್ರೆ ಸುಟ್ಟುಹೋಗದ ಹಾಗೆ ತಾನೇ ಆರಿಕೊಳ್ಳೋ ಕೊಂಡಿ ಇತ್ತು ಅದಕ್ಕೆ. ಒಂದು ಒಲೆಗೇ ಅಷ್ಟು ಬುದ್ಧಿ ಇದ್ರೆ ಮೆದುಳು ಇರೋ ಇದಕ್ಕೆ ಇರಲ್ವಾ? ಹಿಲ್ಕ, ಇನ್ನು ಗುಂಡಿ ಒತ್ತಬೇಡ. ಪೂರ್ತಿ ತಣ್ಣಗಾಗಲಿ, ಒಣಗಲಿ. ಹೊರಗಿಡೋದೂ ಬೇಡ, ಸುಮ್ಮನೆ ಅಡುಗೆಮನೇಲಿ ಇರಲಿ."

ಮೇಲೆ ಬಂದರು. ಲ್ಯಾಪ್‌ಟಾಪ್ ಮೇಜಿನ ಮೇಲೆ ತಣಿಯುತ್ತಾ ಕೂತಿತು, ಸುತ್ತ ಬಂಧುಬಳಗ ರೋಗಿಯ ಮಂಚದ ಸುತ್ತ ಕೂರುವಂತೆ ಕೂತಿತು. ಔಲಿಸ್ ಮಾತ್ರ ಕೂರಲಿಲ್ಲ.

"ಒಲೆ ಯಾಕೆ ಕಾದಿತ್ತು ಗೊತ್ತಾ? ಗಾಳಿ ಹೋಗೋ ದಾರಿ ಕಟ್ಟಿತ್ತು. ಇದು ನಾನು ಮುಟ್ಟೋಕೆ ಮುಂಚೇನೇ ಊಳಿಡ್ತಿತ್ತಲ್ಲ, ಅದು ಯಾಕೆ?" ಎಂದು ಸ್ಕ್ರೂ ತಿರುವುವ ಸಾಮಾನು ತಂದ.

"ಮುಟ್ಟಬೇಡ!" ರೈಮೊ ಎದ್ದು ನಿಂತ. "ಬಿಚ್ಚಿದ್ರೆ ಗ್ಯಾರಂಟಿ ಹೋಗತ್ತೆ. ಅಕ್ಕಾ, ಹೇಳು ಅವನಿಗೆ. ಬೆಳಿಗ್ಗೆಯಿಂದ ಮಾಡಿದ್ದು ಸಾಲದಾ?"

ಹಿಲ್ಕ ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಇಷ್ಟೆಲ್ಲ ಆದ ಮೇಲೂ ಹಟ ಒಂದಿಷ್ಟೂ ತಣಿದಿರಲಿಲ್ಲ.

"ರೈಮೊ, ಬಾಯಿ ಮುಚ್ಚು," ಎಂದಳು. "ಬಿಚ್ಚು ಔಲಿಸ್."

ಸ್ಕ್ರೂಗಳು ಒಂದೊಂದಾಗಿ ಹೊರಬಂದವು. ಔಲಿಸ್ ಕೆಳಗಿನ ಮುಚ್ಚಳ ಎತ್ತಿದ. ಒಳಗಿನ ಪುಟ್ಟ ಫ್ಯಾನಿಗೂ ಗಾಳಿ ಹೊರಹೋಗುವ ಜಾಲರಿಗೂ ನಡುವೆ, ದಪ್ಪಗೆ ಮೆತ್ತಗೆ ಕಂಬಳಿಯಂತೆ ಹಾಸಿಕೊಂಡಿತ್ತು ಉಣ್ಣೆಯ ಜುಂಗು. ಬೂದು, ಅದರಲ್ಲಿ ಅಲ್ಲಲ್ಲಿ ಕೆಂಪು ಎಳೆ. ಎಲ್ಲರೂ ಆ ಕೆಂಪನ್ನು ಗುರುತಿಸಿದರು. ಹಿಲ್ಕ ಕಾಯುತ್ತಾ ಕೂತಾಗ ಹೆಣೆದ ಬೂದು ಕೆಂಪು ಪಟ್ಟೆಯ ಕಾಲುಚೀಲವೇ ಆ ಕ್ಷಣ ರೈಮೊನ ಕಾಲಲ್ಲೂ ಇತ್ತು.

"ಒಳಗೂ ಒಂದು ಕಾಲುಚೀಲ ಹೆಣೆದಿದೀಯಲ್ಲ," ಎಂದ ಔಲಿಸ್ ಮೆಲ್ಲಗೆ.

ಹಿಲ್ಕ ಕಿಟಕಿಯಾಚೆ ನೋಡುತ್ತಾ, ಈ ವರ್ಷ ಹಿಮ ಜಾಸ್ತಿ ಎಂದಳು.

ಬಣ್ಣ ಬಳಿಯುವ ಕುಂಚದಿಂದ ಔಲಿಸ್ ಫ್ಯಾನಿನ ಒಂದೊಂದು ರೆಕ್ಕೆಯನ್ನೂ ಸವರಿದ. ಜಾಲರಿಯ ಸಂದುಗಳನ್ನು ಬಿಡಿಸಿದ. ಯಾರೂ ಸಲಹೆ ಕೊಡಲಿಲ್ಲ. ತಾಸ್ಕಿನೆನ್ ದೀಪ ಹಿಡಿದುಕೊಂಡಿದ್ದ, ಇಲಾಖೆಗೆ ಹೋಗಿ ವರದಿ ಬರೆಯುವುದಕ್ಕಿಂತ ಅದು ಹಿತವಾಗಿತ್ತು. ಮುಚ್ಚಳ ಮತ್ತೆ ಕೂತಿತು. ಕೀಲಿಮಣೆಯ ಮೇಲೆ ಔಲಿಸ್ ಎಡಗಿವಿ ಇಟ್ಟ.

"ಇಪ್ಪತ್ತೊಂದು. ಕೋಣೆಯಷ್ಟೇ. ಒತ್ತು ಈಗ."

"ನೀನೇ ಒತ್ತು."

"ನಿನ್ನ ವಂಶ, ನೀನು ಒತ್ತು."

ಹಿಲ್ಕ ಒತ್ತಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಬೆಕ್ಕು ಗುರುಗುಟ್ಟಿದಷ್ಟು ಸಣ್ಣ ಸದ್ದು, ಪರದೆಯ ಮೇಲೆ ಬೆಳಕು. ಅವಳು ಪುಸ್ತಕ ತೆರೆದು ಮೊದಲಿಂದ ಕೊನೆಗೆ ಓಡಿಸಿದಳು. ಕಾಡು ಸುಟ್ಟವನಿದ್ದ. ಅಮ್ಮನ ಕಡೆಯವರೆಲ್ಲ ಇದ್ದರು. ಹೊಸ ಕೂಸೂ ಇತ್ತು. ಔಲಿಸ್ ಆಗ ಕುರ್ಚಿಯಲ್ಲಿ ಕುಳಿತ.

"ಒಂದು ಮಾತ್ರ ಹೋಗಿದೆ," ಎಂದಳು ಹಿಲ್ಕ. "ರೈಮೊ, ನಿನ್ನೆ ನೀನು ಹೇಳಿ ಬರೆಸಿದ್ಯಲ್ಲ ಮುನ್ನುಡಿ, ಅದನ್ನ ಉಳಿಸಿಟ್ಟಿರಲಿಲ್ಲ."

"ಇಪ್ಪತ್ತು ಪುಟ ಅಕ್ಕಾ ಅದು!"

"ಎರಡು ಸಾಲು ಹೇಳು, ಈಗಲೇ ಬರ್ಕೋತೀನಿ."

ರೈಮೊ ಕಾಲಿನ ಕಾಲುಚೀಲ ನೋಡಿಕೊಂಡು ಎರಡು ಸಾಲು ಹೇಳಿದ. ಮುಂದೆ ಅಚ್ಚಾದ ಪುಸ್ತಕದಲ್ಲಿ ಅವನ ಮುನ್ನುಡಿ ನಿಜಕ್ಕೂ ಎರಡೇ ಸಾಲು ಇದೆ, ವಂಶದವರು ಅದನ್ನು ಬಹಳ ಮೆಚ್ಚಿಕೊಂಡರು.

ಶುಕ್ರವಾರ ಪುಸ್ತಕ ಮುದ್ರಣಾಲಯಕ್ಕೆ ಹೋಯಿತು. ಶನಿವಾರ ಬೆಳಿಗ್ಗೆ ಔಲಿಸ್ ಕಾಫಿ ಕುಡಿಯುತ್ತಿದ್ದಾಗ ಫೋನು ಬಂತು. ತಾಸ್ಕಿನೆನ್. ದನಿ ತಗ್ಗಿಸಿ, ಯಾರಿಗೂ ಕೇಳಿಸಬಾರದೆಂಬಂತೆ ಮಾತಾಡುತ್ತಿದ್ದ.

"ಔಲಿಸ್ ಅವರೇ, ನಮ್ಮನೆ ಕಂಪ್ಯೂಟರಿಗೂ ಆ ಪ್ರೋಗ್ರಾಂ ಹಾಕ್ದೆ. ಎಪ್ಪತ್ತು ತೋರಿಸ್ತಿದೆ. ಹೆಂಡತೀನ ಹೊರಗೆ ನಿಲ್ಲಿಸಿದೀನಿ."

ಔಲಿಸ್ ಬಟ್ಟಲು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ.

"ಎಪ್ಪತ್ತು ಆಗಿದೆಯಾ, ಎಪ್ಪತ್ತು ಬಾಕಿ ಇದೆಯಾ?"

ಆ ಕಡೆ ಕುರ್ಚಿ ಎಳೆದ ಸದ್ದು.

"ಹೇಗೆ ತಿಳಿಯೋದು?"

"ಮೇಲೆ ಬರೆದಿರೋದು ಓದಿ."

"ಇಂಗ್ಲಿಷಲ್ಲಿದೆ."

"ಹಾಗಾದ್ರೆ ಅದಕ್ಕೆ ಏನಾದ್ರೂ ಭಾರಿ ಕೆಲಸ ಕೊಡಿ. ದುಡೀತಾ ಸಂಖ್ಯೆ ಏರಿದ್ರೆ ಅದು ಬಿಸಿ, ಇಳಿದ್ರೆ ಅದು ಬಾಕಿ. ಬಿಸಿ ಎಪ್ಪತ್ತಾದ್ರೂ ಭಯ ಇಲ್ಲ, ಬಾಕಿ ಎಪ್ಪತ್ತಾದ್ರೆ ಇನ್ನೂ ಭಯ ಇಲ್ಲ. ಮೊದಲು ಹೆಂಡತೀನ ಒಳಗೆ ಕರೀರಿ. ಅವರ ಬಿಸಿಗೆ ಮಿತಿ ಇಲ್ಲ."

ಫೋನು ಇಟ್ಟ. ಹಿಲ್ಕ ಬನ್ನಿನ ಹಿಟ್ಟು ನಾದುತ್ತಾ ತಿರುಗದೆಯೇ ಕೇಳಿದಳು:

"ಯಾರದು?"

"ಅಗ್ನಿಶಾಮಕ ಇಲಾಖೆ," ಎಂದ ಔಲಿಸ್ ಗಂಭೀರವಾಗಿ. "ಒಂದು ವಿಷಯಕ್ಕೆ ನನ್ನ ಸಲಹೆ ಬೇಕಿತ್ತಂತೆ."

"ಓದಿ ಕೊಟ್ಯಾ, ಓದದೆ ಕೊಟ್ಯಾ?"

"ಈ ಸಲ ಓದೋ ಕೆಲಸ ಅವರಿಗೇ ವಹಿಸಿದೀನಿ," ಎಂದು ಔಲಿಸ್ ಬಟ್ಟಲೆತ್ತಿ, ಆರಿದ ಕಾಫಿಯನ್ನು ಬಿಸಿಯಾಗಿದೆ ಎಂಬಂತೆ ಊದಿ ಊದಿ ಕುಡಿದ.